ಆತಂಕದ ಹೊರೆ ಒಂದು, ಅದನ್ನು ಬಚ್ಚಿಡುವ ಹೊರೆ ಇನ್ನೊಂದು

ಮದುವೆಮನೆಯ ಪಂಕ್ತಿಯಲ್ಲಿ ಜಿಲೇಬಿ ಬಡಿಸುವವನು ಎಲೆಯ ಹತ್ತಿರ ಬಂದಾಗ ‘ಬೇಡಪ್ಪಾ, ನನಗೆ ಶುಗರ್ ಇದೆ’ ಎಂದು ಹೇಳಲು ನಮಗೆ ಯಾವ ಸಂಕೋಚವೂ ಇಲ್ಲ. ಪಕ್ಕದಲ್ಲಿ ಕುಳಿತವರು ತಮಗೆ ಎಷ್ಟಿದೆ, ಯಾವ ಮಾತ್ರೆ ನುಂಗುತ್ತಿದ್ದೇವೆ ಎಂದು ತಾವಾಗಿಯೇ ಹೇಳತೊಡಗುತ್ತಾರೆ. ಸಾರು ಬರುವಷ್ಟರಲ್ಲಿ ಮೆಂತ್ಯ, ಹಾಗಲಕಾಯಿಗಳ ಗುಣಗಾನವೂ ಆಗಿಬಿಡುತ್ತದೆ. ಅದೇ ಪಂಕ್ತಿಯಲ್ಲಿ ಕುಳಿತ ಇನ್ನೊಬ್ಬರಿಗೆ ಜನರ ಗದ್ದಲದ ನಡುವೆ ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ, ಅಂಗೈ ಬೆವರುತ್ತಿರುತ್ತದೆ, ಎದ್ದು ಹೊರಗೆ ಓಡಿಬಿಡೋಣ ಎನಿಸುತ್ತಿರುತ್ತದೆ. ಅವರು ಮಾತ್ರ ಬಾಯಿ ಬಿಡುವುದಿಲ್ಲ. ‘ಯಾಕೋ ಹೊಟ್ಟೆ ಸರಿಯಿಲ್ಲ’ ಎಂದು ಅರ್ಧ ಊಟಕ್ಕೇ ಕೈ ತೊಳೆಯುತ್ತಾರೆ. ಮುಂದಿನ ಮದುವೆಗೆ ಬರುವುದೇ ಇಲ್ಲ.

ಎರಡೂ ಕಾಯಿಲೆಗಳೇ. ಎರಡಕ್ಕೂ ಚಿಕಿತ್ಸೆ ಇದೆ. ಆದರೆ ಒಂದನ್ನು ನಾವು ಹೇಳಿಕೊಳ್ಳುತ್ತೇವೆ, ಇನ್ನೊಂದನ್ನು ಬಚ್ಚಿಡುತ್ತೇವೆ. ಆತಂಕದಿಂದ ಬಳಲುವವರು ನಿಜವಾಗಿ ಎರಡು ಹೊರೆ ಹೊತ್ತಿರುತ್ತಾರೆ. ಮೊದಲನೆಯದು ಆತಂಕ. ಎರಡನೆಯದು, ತನಗೆ ಆತಂಕವಿದೆ ಎಂಬುದು ಯಾರಿಗಾದರೂ ಗೊತ್ತಾದೀತೆಂಬ ನಾಚಿಕೆ. ಎಷ್ಟೋ ಜನರ ಬದುಕನ್ನು ಕಿರಿದಾಗಿಸುವುದು ಈ ಎರಡನೆಯ ಹೊರೆ. ಈ ವಾರ ಅದರ ಬಗ್ಗೆ ತಿಳಿಯೋಣ.

ಜಂಬವೆಂದು ತೋರಿದ್ದು

ಒಂದು ಉದಾಹರಣೆ ನೋಡಿ. ತಾಲ್ಲೂಕು ಕೇಂದ್ರವೊಂದರ ಹೈಸ್ಕೂಲಿನ ಗಣಿತದ ಮೇಷ್ಟ್ರು. ವಯಸ್ಸು 38. ಒಮ್ಮೆ ಜಿಲ್ಲಾ ಕೇಂದ್ರದ ಸಭೆಗೆಂದು ತುಂಬಿದ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದಾಗ ಇದ್ದಕ್ಕಿದ್ದಂತೆ ಎದೆ ಝಲ್ಲೆಂದಿತು. ಉಸಿರು ಕಟ್ಟಿದಂತಾಯಿತು. ಬೆರಳುಗಳು ಜುಮುಗುಟ್ಟಿದವು. ‘ಹಾರ್ಟ್ ಅಟ್ಯಾಕೇ ಇರಬೇಕು, ಇನ್ನು ಮುಗಿಯಿತು’ ಎಂದುಕೊಂಡರು. ಬಸ್ ನಿಲ್ಲಿಸಿ ಇಳಿದರು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಕ್ತ ಪರೀಕ್ಷೆ ಮಾಡಿದರು. ಎಲ್ಲವೂ ಸರಿಯಾಗಿತ್ತು. ‘ಏನೂ ಇಲ್ಲ ಮೇಷ್ಟ್ರೇ, ಸುಮ್ಮನೆ ಟೆನ್ಷನ್’ ಎಂದು ಕಳಿಸಿದರು.

‘ಏನೂ ಇಲ್ಲ’ ಎಂಬ ಆ ಮಾತು ಅವರಿಗೆ ಸಮಾಧಾನ ತರಲಿಲ್ಲ. ಏನೂ ಇಲ್ಲದಿದ್ದರೆ ಹಾಗೇಕಾಯಿತು? ನಾನೇ ಹೆದರುಪುಕ್ಕಲನೇ? ಬಸ್ಸಿನಲ್ಲಿದ್ದ ಹುಡುಗರು ಶಾಲೆಯಲ್ಲಿ ಹೇಳಿ ನಕ್ಕಿರಬಹುದೇ? ಅಂದಿನಿಂದ ಅವರು ಬಸ್ ಹತ್ತುವುದನ್ನೇ ಬಿಟ್ಟರು. ಸಭೆಗಳಿಗೆ ಸಬೂಬು ಹೇಳಿದರು. ಹೆಂಡತಿಯ ತಂಗಿಯ ಮದುವೆಗೆ ಹೋಗಲಿಲ್ಲ. ಮುಖ್ಯೋಪಾಧ್ಯಾಯರ ಬಡ್ತಿ ಬಂದಾಗ, ಬೇರೆ ಊರಿಗೆ ಓಡಾಡಬೇಕಾಗುತ್ತದೆ ಎಂದು, ‘ಅಮ್ಮನಿಗೆ ಹುಷಾರಿಲ್ಲ’ ಎಂಬ ಕಾರಣ ಕೊಟ್ಟು ಬೇಡವೆಂದರು. ಹೆಂಡತಿ ‘ನಮ್ಮ ಕಡೆಯವರನ್ನು ಕಂಡರೆ ಇವರಿಗಾಗದು’ ಎಂದು ಕೊರಗಿದರು. ಸಹೋದ್ಯೋಗಿಗಳು ‘ಮೇಷ್ಟ್ರಿಗೆ ಜಂಬ’ ಎಂದರು. ನಾಲ್ಕು ವರ್ಷ ಕಳೆಯಿತು. ಅಷ್ಟು ವರ್ಷದಲ್ಲಿ ಅವರಿಗೆ ಅಂಥ ಗಾಬರಿ ಬಂದದ್ದು ಆರೇಳು ಸಲ ಮಾತ್ರ. ಆದರೆ ಬಚ್ಚಿಡುವ ಕೆಲಸ ದಿನವೂ ನಡೆದಿತ್ತು.

ಇನ್ನೊಂದು ಮನೆಯ ಹುಡುಗಿಗೆ ನಾಲ್ಕು ಜನರ ಮುಂದೆ ಮುಖ ಕೆಂಪಾಗುತ್ತದೆ, ಕೈ ನಡುಗುತ್ತದೆ. ಹೆಣ್ಣು ನೋಡುವ ದಿನ ಕಾಫಿ ಲೋಟಗಳ ತಟ್ಟೆ ಹಿಡಿದು ಬರಬೇಕು. ಕಾಫಿ ತುಳುಕೀತೆಂದು ಆಕೆಗೆ ಹಿಂದಿನ ರಾತ್ರಿಯೆಲ್ಲ ನಿದ್ದೆಯಿಲ್ಲ. ಬಂದವರು ‘ಹುಡುಗಿಗೆ ಏನೋ ತೊಂದರೆ ಇರಬೇಕು’ ಎಂದು ಪಿಸುಗುಟ್ಟಿದ್ದು ತಾಯಿಯ ಕಿವಿಗೆ ಬಿತ್ತು. ಮುಂದಿನ ಸಲ ತಾಯಿಯೇ ಲೋಟಗಳನ್ನು ಹಿಡಿದು ಬಂದರು. ಅದು ಮಮತೆಯೇ. ಆದರೆ ‘ನನ್ನ ಕೈ ನಡುಗುವುದು ಮುಚ್ಚಿಡಬೇಕಾದ ವಿಷಯ’ ಎಂದು ಹುಡುಗಿಯ ಮನಸ್ಸಿನಲ್ಲಿ ಅಚ್ಚೊತ್ತಿತು.

ದೇಹದಲ್ಲಿ ಏನಾಗುತ್ತದೆ?

ನಾಚಿಕೆಯ ಬೇರು ಒಂದು ತಪ್ಪು ತಿಳಿವಳಿಕೆಯಲ್ಲಿದೆ. ಆತಂಕವೆಂದರೆ ಹೇಡಿತನ, ಮನಸ್ಸಿನ ದೌರ್ಬಲ್ಯ ಎಂದು ಹೆಚ್ಚಿನವರು ತಿಳಿದಿದ್ದಾರೆ. ಆದ್ದರಿಂದ ದೇಹದಲ್ಲಿ ನಡೆಯುವುದೇನು ಎಂಬುದನ್ನು ಮೊದಲು ತಿಳಿಯಬೇಕು.

ಎದುರಿಗೆ ಹಾವು ಕಂಡರೆ ನಾವು ಯೋಚಿಸುತ್ತಾ ನಿಲ್ಲುವುದಿಲ್ಲ. ಮೆದುಳಿನಲ್ಲಿ ಅಪಾಯವನ್ನು ಗುರುತಿಸುವ ಒಂದು ವ್ಯವಸ್ಥೆ ಇದೆ. ಅದು ಎಚ್ಚರಿಕೆಯ ಗಂಟೆ ಬಾರಿಸಿದ ಕೂಡಲೇ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಸುತ್ತವೆ. ಕಾಲುಗಳಿಗೆ ಹೆಚ್ಚು ರಕ್ತ ಬೇಕೆಂದು ಹೃದಯ ವೇಗವಾಗಿ ಬಡಿಯುತ್ತದೆ. ಹೆಚ್ಚು ಆಮ್ಲಜನಕ ಬೇಕೆಂದು ಉಸಿರಾಟ ಏರುತ್ತದೆ. ಮೈ ಬಿಸಿಯೇರದಿರಲೆಂದು ಬೆವರು ಬರುತ್ತದೆ. ಜೀರ್ಣಕ್ರಿಯೆ ಆ ಹೊತ್ತಿಗೆ ನಿಧಾನವಾಗುವುದರಿಂದ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಬಾಯಿ ಒಣಗುತ್ತದೆ. ಇವೆಲ್ಲ ಓಡಲು ಅಥವಾ ಎದುರಿಸಲು ದೇಹ ಮಾಡಿಕೊಳ್ಳುವ ಸಿದ್ಧತೆ.

ಆತಂಕದ ಕಾಯಿಲೆ ಇರುವವರಲ್ಲಿ ಇದೇ ಗಂಟೆ ಹಾವಿಲ್ಲದಾಗಲೂ ಬಾರಿಸುತ್ತದೆ. ಬಸ್ಸಿನಲ್ಲಿ, ಸಭೆಯಲ್ಲಿ, ಲಿಫ್ಟಿನಲ್ಲಿ, ಕೆಲವೊಮ್ಮೆ ಮನೆಯಲ್ಲಿ ಸುಮ್ಮನೆ ಕುಳಿತಾಗಲೂ ಬಾರಿಸಬಹುದು. ಉಸಿರನ್ನು ವೇಗವಾಗಿ ಎಳೆದು ಬಿಡುವುದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು, ತುಟಿಗಳು ಜುಮುಗುಟ್ಟುತ್ತವೆ, ತಲೆ ಹಗುರವಾಗುತ್ತದೆ. ವೈದ್ಯರು ಪ್ಯಾನಿಕ್ ಅಟ್ಯಾಕ್ ಎಂದು ಕರೆಯುವ ಈ ದಿಢೀರ್ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಏರಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಅನುಭವಿಸುವವರಿಗೆ ಆಗುವ ಸಂಕಟ ಪೂರ್ತಿ ನಿಜ. ‘ಏನೂ ಇಲ್ಲ’ ಎನ್ನುವ ಬದಲು ‘ಹೃದಯಕ್ಕೆ ಏನೂ ಆಗಿಲ್ಲ, ಇದು ಆತಂಕ, ಇದಕ್ಕೂ ಚಿಕಿತ್ಸೆ ಇದೆ’ ಎಂದು ಹೇಳಿದ್ದರೆ ನಮ್ಮ ಮೇಷ್ಟ್ರ ನಾಲ್ಕು ವರ್ಷ ಉಳಿಯುತ್ತಿತ್ತು.

ಯಾರಿಗೆ ಹೀಗಾಗುತ್ತದೆ? ವಂಶದಿಂದ ಬರುವ ಗುಣ, ಬೆಳೆದ ವಾತಾವರಣ, ಅನುಭವಿಸಿದ ಕಷ್ಟನಷ್ಟ ಇವೆಲ್ಲ ಸೇರಿ ಕಾರಣವಾಗುತ್ತವೆ. ಧೈರ್ಯಕ್ಕೂ ಇದಕ್ಕೂ ನಂಟು ಹಾಕಬೇಕಾಗಿಲ್ಲ. ಸಚಿನ್ ತೆಂಡೂಲ್ಕರ್ ತಮ್ಮ ಆಟದ ಬದುಕಿನಲ್ಲಿ ಹತ್ತು ಹನ್ನೆರಡು ವರ್ಷ ಆತಂಕ ಅನುಭವಿಸಿದ್ದಾಗಿ, ಪಂದ್ಯದ ಹಿಂದಿನ ಎಷ್ಟೋ ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆದದ್ದಾಗಿ 2021ರಲ್ಲಿ ಬಹಿರಂಗವಾಗಿ ಹೇಳಿದರು. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ತಮ್ಮ ಆತಂಕ, ಖಿನ್ನತೆಗಳ ಬಗ್ಗೆ 2015ರಲ್ಲಿಯೇ ಮಾತನಾಡಿದ್ದರು. ಇವರನ್ನು ಯಾರಾದರೂ ಕೈಲಾಗದವರು ಎನ್ನುವರೇ?

ನೀವೊಬ್ಬರೇ ಅಲ್ಲ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2019ರಲ್ಲಿ ಪ್ರಪಂಚದಲ್ಲಿ ಸುಮಾರು 30 ಕೋಟಿ ಜನರಿಗೆ ಆತಂಕದ ಕಾಯಿಲೆ ಇತ್ತು. ಅಂದರೆ ನೂರರಲ್ಲಿ ನಾಲ್ವರಿಗೆ. ಮನಸ್ಸಿನ ಕಾಯಿಲೆಗಳಲ್ಲೆಲ್ಲ ಹೆಚ್ಚು ಜನರಿಗೆ ಬರುವುದು ಇದೇ. ಚಿಕಿತ್ಸೆ ಪಡೆಯುವವರು ಮಾತ್ರ ನಾಲ್ವರಲ್ಲಿ ಒಬ್ಬರಷ್ಟೆ. ನಮ್ಮ ದೇಶದ 12 ರಾಜ್ಯಗಳಲ್ಲಿ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ 10ಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ನೂರು ಜನರಿರುವ ಛತ್ರದಲ್ಲಿ ನಾಲ್ವರು ಎಂದರೆ, ನೀವು ಕುಳಿತ ಪಂಕ್ತಿಯಲ್ಲೇ ನಿಮ್ಮಂತೆ ಇನ್ನೊಬ್ಬರು ಇರಬಹುದು. ಅವರೂ ನಿಮ್ಮ ಹಾಗೆಯೇ ನಗುಮುಖ ಹೊತ್ತು ಕುಳಿತಿರುತ್ತಾರೆ. ಎಲ್ಲರೂ ಬಚ್ಚಿಡುವುದರಿಂದ ಪ್ರತಿಯೊಬ್ಬರಿಗೂ ‘ನನಗೊಬ್ಬನಿಗೇ ಹೀಗೆ’ ಎನಿಸುತ್ತದೆ.

ನಾಚಿಕೆ ಎಲ್ಲಿಂದ ಬಂತು?

ನಮ್ಮಲ್ಲಿ ಮನಸ್ಸಿನ ಕಾಯಿಲೆಗೆಲ್ಲ ಬಹುಕಾಲ ಒಂದೇ ಹೆಸರಿತ್ತು: ಹುಚ್ಚು. ಬೆಂಗಳೂರಿನ ಹುಚ್ಚಾಸ್ಪತ್ರೆ 1925ರಲ್ಲೇ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1974ರಲ್ಲಿ ಅದೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿ ಇಂದು ತಲೆಗೆ ಪೆಟ್ಟು ಬಿದ್ದವರಿಗೆ, ಮೂರ್ಛೆರೋಗದವರಿಗೆ, ಪಾರ್ಶ್ವವಾಯು ಬಡಿದವರಿಗೆ ಕೂಡ ಚಿಕಿತ್ಸೆ ನಡೆಯುತ್ತದೆ. ಹಲಗೆಯ ಮೇಲಿನ ಹೆಸರು ಬದಲಾದರೂ ಜನರ ಬಾಯಲ್ಲಿನ ಹೆಸರು ಬದಲಾಗಲಿಲ್ಲ. ‘ನಿಮ್ಹಾನ್ಸಿಗೆ ಹೋಗಿದ್ದರಂತೆ’ ಎಂದು ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ.

ಆತಂಕದಿಂದ ಬಳಲುವವರು ವಾಸ್ತವದ ಅರಿವು ಕಳೆದುಕೊಂಡವರಲ್ಲ. ತಮ್ಮ ಹೆದರಿಕೆ ಅತಿಯಾಯಿತೆಂದು ಅವರಲ್ಲಿ ಹೆಚ್ಚಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ನಾಚಿಕೆ. ‘ನನಗೆ ತಲೆ ಕೆಡುತ್ತಿದೆಯೇನೋ’ ಎಂದು ಹೆದರುವ ಬಹುಪಾಲು ಜನರಿಗೆ ಹಾಗೇನೂ ಆಗುವುದಿಲ್ಲ.

ಎರಡನೆಯ ಕಾರಣ ಮನೆತನದ ಮರ್ಯಾದೆ. ಒಬ್ಬರಿಗೆ ಕಾಯಿಲೆ ಎಂದರೆ ಇಡೀ ಮನೆಗೆ ಮಾತು ಬರುತ್ತದೆ, ತಂಗಿಯ ಮದುವೆಗೆ ಅಡ್ಡಿಯಾಗುತ್ತದೆ ಎಂಬ ಹೆದರಿಕೆ. ಆದ್ದರಿಂದ ಕಾಯಿಲೆಗೆ ಬೇರೆ ಹೆಸರು ಹುಡುಕುತ್ತೇವೆ. ಗಂಡಸಿಗೆ ‘ಗ್ಯಾಸ್ಟ್ರಿಕ್’, ‘ನರದೌರ್ಬಲ್ಯ’. ಹೆಂಗಸಿಗೆ ‘ದೃಷ್ಟಿ’, ‘ಗಾಳಿ’. ಹೆಸರು ತಪ್ಪಾದರೆ ಔಷಧವೂ ತಪ್ಪುತ್ತದೆ. ವರ್ಷಗಟ್ಟಲೆ ಆ್ಯಂಟಾಸಿಡ್ ಕುಡಿದವರು, ಊರೂರಿಗೆ ಹೋಗಿ ತಾಯಿತ ಕಟ್ಟಿಸಿಕೊಂಡವರು, ವರ್ಷಕ್ಕೆರಡು ಸಲ ಹೃದಯ ಪರೀಕ್ಷೆ ಮಾಡಿಸಿಕೊಂಡವರು ಎಷ್ಟೋ ಮಂದಿ.

ಗಂಡಸರ ಪಾಡು ಬೇರೆಯೇ. ‘ಗಂಡಸಾಗಿ ಅಷ್ಟಕ್ಕೆಲ್ಲ ಹೆದರೋದಾ?’ ಎಂಬ ಒಂದು ಮಾತು ಸಾಕು, ಅವರು ಜೀವಮಾನವಿಡೀ ಬಾಯಿ ಮುಚ್ಚಲು. ಕೆಲವರು ಗುಟ್ಟಾಗಿ ಮದ್ಯದ ಮೊರೆ ಹೋಗುತ್ತಾರೆ. ಕುಡಿದ ಹೊತ್ತಿನಲ್ಲಿ ಎದೆ ತಣ್ಣಗಾಗುತ್ತದೆ, ನಿಜ. ಅಮಲು ಇಳಿದ ಮೇಲೆ ಆತಂಕ ಮೊದಲಿಗಿಂತ ಹೆಚ್ಚಾಗಿ ಹಿಂದಿರುಗುತ್ತದೆ. ಆಗ ಇನ್ನೂ ಸ್ವಲ್ಪ ಬೇಕೆನಿಸುತ್ತದೆ. ಒಂದು ಕಾಯಿಲೆಯನ್ನು ಮುಚ್ಚಲು ಹೋಗಿ ಎರಡು ಕಾಯಿಲೆ ಗಂಟು ಬೀಳುತ್ತವೆ.

ಬಚ್ಚಿಟ್ಟಷ್ಟೂ ಬೆಳೆಯುತ್ತದೆ

ಬಚ್ಚಿಡುವುದರಿಂದ ಆತಂಕ ಕಡಿಮೆಯಾಗುವಂತಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಆಗುವುದು ಅದಕ್ಕೆ ತದ್ವಿರುದ್ಧ. ಇದಕ್ಕೆ ಮೂರು ಕಾರಣಗಳಿವೆ.

ಒಂದು, ಗಮನ ಸದಾ ದೇಹದ ಮೇಲಿರುತ್ತದೆ. ‘ಕೈ ನಡುಗುವುದು ಕಾಣುತ್ತಿದೆಯೇ? ಬೆವರು ಕಾಣುತ್ತಿದೆಯೇ?’ ಎಂದು ಕಾವಲು ಕಾದಷ್ಟೂ ಎಚ್ಚರಿಕೆಯ ಗಂಟೆ ಜೋರಾಗುತ್ತದೆ. ವಾಸ್ತವವಾಗಿ ನಮ್ಮ ನಡುಕ ನಮಗೆ ಕಂಡಷ್ಟು ಬೇರೆಯವರಿಗೆ ಕಾಣುವುದಿಲ್ಲ.

ಎರಡು, ತಪ್ಪಿಸಿಕೊಳ್ಳುವ ಅಭ್ಯಾಸ. ಬಸ್ ಹತ್ತದಿದ್ದರೆ ಆ ಕ್ಷಣಕ್ಕೆ ನಿರಾಳವೆನಿಸುತ್ತದೆ. ಆದರೆ ‘ಬಸ್ ಹತ್ತಿದ್ದರೂ ಏನೂ ಆಗುತ್ತಿರಲಿಲ್ಲ’ ಎಂದು ಮೆದುಳಿಗೆ ಕಲಿಯುವ ಅವಕಾಶವೇ ಸಿಗುವುದಿಲ್ಲ. ಇಂದು ಬಸ್ಸು, ನಾಳೆ ಸಂತೆ, ನಾಡಿದ್ದು ದೇವಸ್ಥಾನ. ಕೊನೆಗೆ ಮನೆಯ ಹೊಸ್ತಿಲು ದಾಟುವುದೇ ಕಷ್ಟವಾದವರಿದ್ದಾರೆ.

ಮೂರು, ಹೇಳಿದ ಸುಳ್ಳುಗಳ ಲೆಕ್ಕ. ಯಾರಿಗೆ ಯಾವ ಸಬೂಬು ಹೇಳಿದ್ದೆ ಎಂದು ನೆನಪಿಟ್ಟುಕೊಳ್ಳಬೇಕು. ಹೀಗೆ ದಿನವೂ ಹೆದರುವುದಕ್ಕೆ ಹೊಸದೊಂದು ವಿಷಯ ಸೇರುತ್ತದೆ.

ಯಾರಿಗೆ ಹೇಳಬೇಕು? ಹೇಗೆ ಹೇಳಬೇಕು?

ಹಾಗೆಂದು ಊರಿಗೆಲ್ಲ ಡಂಗುರ ಸಾರಬೇಕಾಗಿಲ್ಲ. ನಿಮ್ಮ ಆರೋಗ್ಯದ ವಿಷಯ ಯಾರಿಗೆ ಗೊತ್ತಾಗಬೇಕೆಂದು ತೀರ್ಮಾನಿಸುವವರು ನೀವೇ. ಮೊದಲು ಒಬ್ಬರಿಗೆ ಹೇಳಿ. ಮನೆಯಲ್ಲಿ ಯಾರು ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೋ, ಕೇಳಿದ್ದನ್ನು ಹೊರಗೆ ಆಡುವುದಿಲ್ಲವೋ ಅವರನ್ನು ಆರಿಸಿಕೊಳ್ಳಿ. ಅದು ಗಂಡನೋ ಹೆಂಡತಿಯೋ ಆಗಬೇಕೆಂದೇನೂ ಇಲ್ಲ. ಅಕ್ಕ, ಸೋದರಮಾವ, ಹಳೆಯ ಗೆಳೆಯ ಯಾರೂ ಆದೀತು.

ಗಾಬರಿ ಬಂದಿರುವ ಹೊತ್ತಿನಲ್ಲಿ ಹೇಳಲು ಹೋಗಬೇಡಿ. ಮನಸ್ಸು ಶಾಂತವಾಗಿರುವಾಗ, ರಾತ್ರಿ ಊಟವಾದ ಮೇಲೋ ಸಂಜೆ ತಿರುಗಾಡಲು ಹೋದಾಗಲೋ ಹೇಳಿ. ದೊಡ್ಡ ಪೀಠಿಕೆ ಬೇಡ. ಆಗುವುದೇನು, ಯಾವಾಗ ಆಗುತ್ತದೆ, ಅವರಿಂದ ನಿಮಗೇನು ಬೇಕು ಎಂಬ ಮೂರು ಮಾತು ಸಾಕು. ‘ಬಸ್ಸಲ್ಲಿ ಜನ ಜಾಸ್ತಿ ಇದ್ರೆ ನನಗೆ ಎದೆ ಹೊಡ್ಕೊಳ್ಳುತ್ತೆ, ಉಸಿರು ಕಟ್ಟಿದ ಹಾಗಾಗುತ್ತೆ. ಹಾರ್ಟ್ ಚೆನ್ನಾಗಿದೆ ಅಂದಿದ್ದಾರೆ, ಇದು ಆತಂಕ. ಡಾಕ್ಟರ ಹತ್ರ ಹೋಗ್ಬೇಕು, ನೀನು ಜೊತೆಗೆ ಬಾ.’ ಇಷ್ಟು ಹೇಳಲು ಒಂದು ನಿಮಿಷವೂ ಬೇಡ. ಆದರೆ ಮೇಷ್ಟ್ರಿಗೆ ನಾಲ್ಕು ವರ್ಷ ಹಿಡಿಯಿತು.

ಕಚೇರಿಯಲ್ಲಿ ಕಾಯಿಲೆಯ ಹೆಸರು ಹೇಳಲೇಬೇಕೆಂದಿಲ್ಲ. ಕೆಲಸಕ್ಕೆ ಬೇಕಾದಷ್ಟು ಹೇಳಿದರೆ ಸಾಕು: ‘ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ, ತಿಂಗಳಿಗೊಂದು ದಿನ ವೈದ್ಯರ ಬಳಿ ಹೋಗಬೇಕು.’ ಕೈ ನಡುಗುವವರು ಸಭೆಯಲ್ಲಿ ‘ಮಾತು ಶುರುಮಾಡುವಾಗ ನನಗೆ ಸ್ವಲ್ಪ ಕೈ ನಡುಗುತ್ತೆ, ಆಮೇಲೆ ಸರಿಹೋಗುತ್ತೆ’ ಎಂದು ತಾವೇ ನಗುತ್ತಾ ಹೇಳಿಬಿಡುವುದು ಒಳ್ಳೆಯ ಉಪಾಯ. ಗೊತ್ತಾದೀತೆಂಬ ಭಯ ಅಲ್ಲಿಗೇ ತೀರುತ್ತದೆ.

ಮದುವೆಯ ಮಾತು ಬಂದಾಗ ಬಚ್ಚಿಡುವುದು ಜಾಣತನವೆಂದು ಹಿರಿಯರು ಹೇಳುವುದುಂಟು. ಒಂದೇ ಮನೆಯಲ್ಲಿದ್ದು ಮಾತ್ರೆಯ ಡಬ್ಬಿ ಬಚ್ಚಿಡುವುದು ಎಷ್ಟು ದಿನ ಸಾಧ್ಯ? ನಿಶ್ಚಯವಾಗುವ ಮೊದಲೇ ಹುಡುಗ ಹುಡುಗಿ ಒಬ್ಬರಿಗೊಬ್ಬರು ನೇರವಾಗಿ ಹೇಳಿಕೊಳ್ಳುವುದು ಇಬ್ಬರಿಗೂ ಕ್ಷೇಮ. ಕೇಳಿ ಹಿಂಜರಿಯುವವರೂ ಇರುತ್ತಾರೆ. ಆ ನೋವು ಮದುವೆಯಾದ ಮೇಲೆ ಬರುವ ‘ಮೋಸ ಮಾಡಿದಿರಿ’ ಎಂಬ ಮಾತಿಗಿಂತ ಚಿಕ್ಕದು.

ಜನರ ನಡುವೆ ಗಾಬರಿ ಬಂದರೆ

1. ಹೆಸರಿಟ್ಟು ಗುರುತಿಸಿ. ‘ಇದು ಆತಂಕ. ಹಿಂದೆಯೂ ಬಂದಿತ್ತು, ಇಳಿಯಿತು. ಈಗಲೂ ಇಳಿಯುತ್ತದೆ’ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಿ.

2. ಉಸಿರನ್ನು ನಿಧಾನ ಮಾಡಿ. ಮೂಗಿನಿಂದ ನಾಲ್ಕು ಎಣಿಸುವವರೆಗೆ ಎಳೆದುಕೊಳ್ಳಿ, ಆರು ಎಣಿಸುವವರೆಗೆ ಬಿಡಿ. ಕಾಗದದ ಚೀಲದೊಳಗೆ ಉಸಿರಾಡಬೇಕೆಂಬ ಹಳೆಯ ಸಲಹೆ ಈಗ ಚಾಲ್ತಿಯಲ್ಲಿಲ್ಲ. ಆಸ್ತಮಾ ಅಥವಾ ಹೃದಯದ ತೊಂದರೆ ಇದ್ದವರಿಗೆ ಅದರಿಂದ ಅಪಾಯ.

3. ಗಮನವನ್ನು ಹೊರಕ್ಕೆ ತನ್ನಿ. ಅಂಗಡಿಗಳ ಬೋರ್ಡು ಓದಿ, ಎದುರಿಗಿರುವವರ ಮಾತಿಗೆ ಕಿವಿಗೊಡಿ, ಪಾದಗಳು ನೆಲಕ್ಕೆ ತಾಗಿರುವುದನ್ನು ಗಮನಿಸಿ.

4. ಸಾಧ್ಯವಾದಷ್ಟೂ ಅಲ್ಲಿಯೇ ಇರಿ. ಹೊರಗೆ ಹೋಗಲೇಬೇಕೆನಿಸಿದರೆ ಹೋಗಿ, ಐದು ನಿಮಿಷ ನಿಂತು ಮತ್ತೆ ಒಳಗೆ ಬನ್ನಿ. ಮರಳಿ ಬರುವುದು ಬಹಳ ಮುಖ್ಯ.

5. ಯಾರಾದರೂ ‘ಏನಾಯಿತು?’ ಎಂದರೆ ‘ಸ್ವಲ್ಪ ಗಾಬರಿಯಾಯಿತು, ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ’ ಎನ್ನಿ. ಸುಳ್ಳು ಹುಡುಕುವ ಶ್ರಮ ಉಳಿಯುತ್ತದೆ.

ಒಂದು ಎಚ್ಚರಿಕೆ: ಮೊದಲ ಸಲ ಎದೆನೋವು, ಉಸಿರುಕಟ್ಟುವಿಕೆ ಕಾಣಿಸಿಕೊಂಡಾಗ ‘ಇದು ಆತಂಕವೇ’ ಎಂದು ನೀವೇ ತೀರ್ಮಾನಿಸಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ಹೆಚ್ಚಾದರೆ, ರಕ್ತಹೀನತೆಯಿದ್ದರೆ, ಸಕ್ಕರೆ ಅಂಶ ಕುಸಿದರೆ, ಕಾಫಿ ಅತಿಯಾದರೆ ಕೂಡ ಎದೆ ಹೊಡೆದುಕೊಳ್ಳುತ್ತದೆ. ಪರೀಕ್ಷೆಯಾಗಿ ಹೃದಯ ಚೆನ್ನಾಗಿದೆ ಎಂದ ಮೇಲೆ ಪದೇ ಪದೇ ಪರೀಕ್ಷೆ ಮಾಡಿಸುತ್ತಾ ಹೋಗಬೇಕಾಗಿಲ್ಲ.

ಮನೆಯವರಿಗೆ ಒಂದು ಮಾತು

‘ಧೈರ್ಯ ತಂದುಕೋ’, ‘ಸುಮ್ಮನೆ ಯೋಚನೆ ಮಾಡ್ತೀಯ’, ‘ಬೇರೆಯವರ ಕಷ್ಟ ನೋಡು’ ಎಂಬ ಮಾತುಗಳು ಒಳ್ಳೆಯ ಮನಸ್ಸಿನಿಂದಲೇ ಬರುತ್ತವೆ. ಕೇಳಿಸಿಕೊಳ್ಳುವವರಿಗೆ ಮಾತ್ರ ‘ನಿನ್ನದೇ ತಪ್ಪು’ ಎಂದಂತಾಗುತ್ತದೆ. ಜ್ವರ ಬಂದವರಿಗೆ ‘ಜ್ವರ ಇಳಿಸಿಕೋ’ ಎಂದು ಯಾರೂ ಹೇಳುವುದಿಲ್ಲವಲ್ಲ. ‘ನಾನಿಲ್ಲೇ ಇದ್ದೀನಿ, ನಿಧಾನವಾಗಿ ಉಸಿರು ಬಿಡು’ ಎಂದರೆ ಸಾಕು. ನೆಂಟರ ಮುಂದೆ ಅವರ ಕಾಯಿಲೆಯನ್ನು ತಮಾಷೆ ಮಾಡಬೇಡಿ. ಅವರ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳಬೇಡಿ.

ಇನ್ನೊಂದು ತುದಿಯ ತಪ್ಪೂ ಇದೆ. ಪ್ರೀತಿಯಿಂದ ಅವರ ಕೆಲಸವನ್ನೆಲ್ಲ ನೀವೇ ಮಾಡಿಕೊಟ್ಟರೆ ಆತಂಕಕ್ಕೆ ಗೊಬ್ಬರ ಹಾಕಿದಂತೆ. ಆ ತಾಯಿ ಕಾಫಿ ಲೋಟಗಳನ್ನು ತಾವೇ ಹಿಡಿದು ಬರುವ ಬದಲು, ವಾರಕ್ಕೆರಡು ಸಲ ಅಕ್ಕಪಕ್ಕದವರನ್ನು ಕರೆದು ಮಗಳ ಕೈಯಲ್ಲೇ ಕಾಫಿ ಕೊಡಿಸಬಹುದಿತ್ತು. ಒಂದಿಷ್ಟು ತುಳುಕಿದರೆ ಒರೆಸಿದರಾಯಿತು.

ಸಾಮಾಜಿಕ ಆತಂಕ ಹೆಚ್ಚಾಗಿ ಶುರುವಾಗುವುದು ಹದಿಹರೆಯದಲ್ಲಿ. ಮಗು ತರಗತಿಯಲ್ಲಿ ಎದ್ದುನಿಂತು ಓದಲು ಒಲ್ಲೆನೆಂದರೆ, ಪರೀಕ್ಷೆಯ ದಿನವೆಲ್ಲ ವಾಂತಿಯೆಂದರೆ, ‘ನಾಟಕ’ ಎನ್ನುವ ಮೊದಲು ಹತ್ತಿರ ಕೂರಿಸಿಕೊಂಡು ವಿಚಾರಿಸಿ.

ಚಿಕಿತ್ಸೆ ಹೇಗಿರುತ್ತದೆ?

ಆತಂಕಕ್ಕೆ ಮುಖ್ಯವಾಗಿ ಎರಡು ಬಗೆಯ ಚಿಕಿತ್ಸೆ ಇದೆ. ಒಂದು, ಆಪ್ತಸಲಹೆಯ ಮೂಲಕ ಯೋಚನೆಯ ದಾರಿಯನ್ನೂ ನಡವಳಿಕೆಯನ್ನೂ ತಿದ್ದುವುದು. ಹೆದರುವ ಸನ್ನಿವೇಶವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದೇ ಇದರ ಜೀವಾಳ. ನಮ್ಮ ಮೇಷ್ಟ್ರು ಕೊನೆಗೂ ಹೆಂಡತಿಗೆ ಹೇಳಿದರು, ಇಬ್ಬರೂ ಮನೋವೈದ್ಯರಲ್ಲಿಗೆ ಹೋದರು. ಮೊದಲ ವಾರ ಅವರು ಮಾಡಿದ್ದು ನಿಂತ ಬಸ್ಸಿನಲ್ಲಿ ಹತ್ತು ನಿಮಿಷ ಕುಳಿತು ಇಳಿಯುವುದನ್ನು ಮಾತ್ರ. ಆಮೇಲೆ ಹೆಂಡತಿಯೊಡನೆ ಒಂದು ಸ್ಟಾಪಿನವರೆಗೆ. ಆಮೇಲೆ ಒಬ್ಬರೇ. ನಾಲ್ಕನೇ ತಿಂಗಳಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋಗಿ ಬಂದರು. ದಾರಿಯಲ್ಲಿ ಎರಡು ಸಲ ಎದೆ ಹೊಡೆದುಕೊಂಡಿತು. ಅವರು ಇಳಿಯಲಿಲ್ಲ.

ಎರಡನೆಯದು ಔಷಧ. ಈಗ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳ ಗುಣ ಕಾಣಲು ಕೆಲವು ವಾರ ಬೇಕು. ಚಟ ಹಿಡಿಸುವ ಮಾತ್ರೆಗಳಲ್ಲವಾದರೂ ಇವನ್ನು ದಿಢೀರನೆ ನಿಲ್ಲಿಸಬಾರದು. ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಅಲ್ಪ್ರಜೋಲಾಂನಂಥ ಮಾತ್ರೆಗಳು ಬೇಗನೆ ನೆಮ್ಮದಿ ಕೊಡುತ್ತವೆ, ಆದರೆ ಬಹುಕಾಲ ನುಂಗಿದರೆ ಅಭ್ಯಾಸವಾಗಿಬಿಡುತ್ತವೆ. ಔಷಧ ಅಂಗಡಿಯಲ್ಲಿ ಕೇಳಿ, ನೆರೆಯವರಿಂದ ಪಡೆದು ನುಂಗುವುದು ಖಂಡಿತ ಬೇಡ.

ಎಲ್ಲಿಗೆ ಹೋಗಬೇಕು?

ಊರಿನ ವೈದ್ಯರಿಂದಲೇ ಆರಂಭಿಸಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ಮನೋವೈದ್ಯರು ನೋಡುತ್ತಾರೆ. ಯಾವ ವಾರವೆಂದು ಆಸ್ಪತ್ರೆಯಲ್ಲಿ ವಿಚಾರಿಸಿ.

ಆಸ್ಪತ್ರೆಯ ಬಾಗಿಲಲ್ಲಿ ಯಾರಾದರೂ ನೋಡಿಯಾರು ಎಂಬ ಸಂಕೋಚವಿದ್ದರೆ ಮನೆಯಿಂದಲೇ ಫೋನ್ ಮಾಡಬಹುದು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

ಕಾನೂನು ಕೂಡ ನಿಮ್ಮ ಬೆಂಬಲಕ್ಕಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರ ಪ್ರಕಾರ ನಿಮ್ಮ ಕಾಯಿಲೆ, ಚಿಕಿತ್ಸೆಗಳ ವಿಷಯವನ್ನು ಗೋಪ್ಯವಾಗಿಡುವುದು ಆಸ್ಪತ್ರೆ ಮತ್ತು ವೈದ್ಯರ ಹೊಣೆ. ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ಆರೋಗ್ಯ ವಿಮೆ ಒದಗಿಸಬೇಕೆಂದು ಅದು ವಿಮಾ ಕಂಪೆನಿಗಳಿಗೆ ವಿಧಿಸಿದೆ.

ಹಲವರ ಸಂದೇಹಗಳು

*ಆತಂಕದ ಕಾಯಿಲೆ ಮುಂದೆ ಹುಚ್ಚಾಗಿ ತಿರುಗುತ್ತದೆಯೇ?*

ಇಲ್ಲ. ಆದರೆ ಚಿಕಿತ್ಸೆಯಿಲ್ಲದೆ ಬಹುಕಾಲ ಉಳಿದರೆ ಖಿನ್ನತೆ, ಕುಡಿತದ ಚಟ ಜೊತೆಗೂಡಬಹುದು. ಬದುಕೇ ಬೇಡವೆನಿಸುವ ಯೋಚನೆ ಬಂದರೆ ಒಂದು ದಿನವೂ ತಡ ಮಾಡದೆ ಮನೆಯವರಿಗೆ ತಿಳಿಸಿ, ವೈದ್ಯರನ್ನು ಕಾಣಿ.

*ಯೋಗ, ಧ್ಯಾನ ಸಾಲದೇ?*

ನಿಧಾನ ಉಸಿರಾಟ, ಯೋಗ, ದಿನವೂ ಅರ್ಧ ಗಂಟೆ ಬಿರುಸಿನ ನಡಿಗೆ, ಹೊತ್ತಿಗೆ ಸರಿಯಾದ ನಿದ್ದೆ ಎಲ್ಲವೂ ಸಹಾಯಕ. ಹಗುರವಾದ ಆತಂಕಕ್ಕೆ ಇಷ್ಟೇ ಸಾಕಾಗಬಹುದು. ಕೆಲಸ, ಓದು, ನಂಟಸ್ತಿಕೆಗಳಿಗೆ ಅಡ್ಡಿಯಾಗುತ್ತಿದ್ದರೆ ಇವುಗಳ ಜೊತೆಗೆ ಚಿಕಿತ್ಸೆಯೂ ಬೇಕು.

*ದೇವರಿಗೆ ಹರಕೆ ಹೊತ್ತಿದ್ದೇವೆ, ಆಸ್ಪತ್ರೆಗೆ ಹೋಗಬಹುದೇ?*

ಹೋಗಬಹುದು. ಹರಕೆ ತೀರಿಸುವುದಕ್ಕೂ ಮಾತ್ರೆ ನುಂಗುವುದಕ್ಕೂ ಯಾವ ವಿರೋಧವೂ ಇಲ್ಲ. ಹರಕೆಯ ಹೆಸರಿನಲ್ಲಿ ಚಿಕಿತ್ಸೆಯನ್ನು ಮುಂದೂಡಬಾರದು, ಅಷ್ಟೆ.

*ಒಮ್ಮೆ ವಾಸಿಯಾದ ಮೇಲೆ ಮತ್ತೆ ಬರುತ್ತದೆಯೇ?*

ಕೆಲವರಿಗೆ ಕಷ್ಟದ ದಿನಗಳಲ್ಲಿ ಮರಳಿ ಬರಬಹುದು. ಬಂದರೆ ಸೋತೆನೆಂದು ತಿಳಿಯಬೇಕಾಗಿಲ್ಲ. ಈ ಸಲ ನಿಮಗೆ ಅದರ ಹೆಸರು ಗೊತ್ತಿದೆ, ದಾರಿ ಗೊತ್ತಿದೆ, ಯಾರಿಗೆ ಹೇಳಬೇಕೆಂಬುದೂ ಗೊತ್ತಿದೆ.

ಈ ಲೇಖನ ಓದುತ್ತಿರುವ ನಿಮ್ಮ ಮನೆಯಲ್ಲೂ ಒಬ್ಬರು ಪತ್ರಿಕೆಯ ಈ ಪುಟವನ್ನು ಯಾರೂ ನೋಡದ ಹೊತ್ತಿನಲ್ಲಿ ಎರಡು ಸಲ ಓದಿರಬಹುದು. ‘ಓದಿದೆಯಾ?’ ಎಂದು ನೀವೇ ಮೊದಲು ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ. ಸ್ವಲ್ಪ ಹೊತ್ತು ಹತ್ತಿರ ಕುಳಿತಿರಿ, ಅವರಾಗಿಯೇ ಹೇಳಿಯಾರು.